ಕಡತದ ಮೂಲ ಮತ್ತು ಕಳುಹಿಸಿದವರ ಮುಖ

ಗಣಕಯಂತ್ರದ ಪರಿಭಾಷೆಯಲ್ಲಿ ಕಡತ ಎಂದರೆ ಒಂದು ಹೆಸರಿನಡಿ ಕೂಡಿಟ್ಟ ಅಂಕಿಗಳ ಸಾಲು. ಆ ಸಾಲು ಪತ್ರವೊಂದರ ಅಕ್ಷರಗಳಾಗಿರಬಹುದು, ಮದುವೆಯ ಚಿತ್ರವಾಗಿರಬಹುದು, ಹಾಡಾಗಿರಬಹುದು, ಇಲ್ಲವೇ ಯಂತ್ರವು ಹೆಜ್ಜೆಹೆಜ್ಜೆಯಾಗಿ ಪಾಲಿಸಬೇಕಾದ ಆಜ್ಞೆಗಳ ಸರಣಿಯಾಗಿರಬಹುದು. ಕಾಗದದ ಲೋಕದಲ್ಲಿ ಓದುವ ವಸ್ತುವಿಗೂ ಕೆಲಸ ಮಾಡುವ ವಸ್ತುವಿಗೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಅಂಚೆಯಲ್ಲಿ ಬಂದ ಪತ್ರವನ್ನು ಒಡೆದು ಓದಿದ ಮಾತ್ರಕ್ಕೆ ಅದು ಎದ್ದುಹೋಗಿ ಬೀರುವಿನ ಬೀಗ ತೆಗೆಯುವುದಿಲ್ಲ. ಗಣಕದಲ್ಲಿ ಈ ಅಂತರ ಹುಟ್ಟಿನಿಂದಲೇ ಇಲ್ಲ. 1945ರ ಜೂನ್ ತಿಂಗಳಲ್ಲಿ ಜಾನ್ ವಾನ್ ನ್ಯೂಮನ್ ಅವರ ಹೆಸರಿನಲ್ಲಿ ಹೊರಬಂದ ಎಡ್‌ವ್ಯಾಕ್ ಯಂತ್ರದ ಕರಡು ವರದಿಯು, ಲೆಕ್ಕಕ್ಕೆ ಬೇಕಾದ ಮಾಹಿತಿಯನ್ನೂ ಲೆಕ್ಕ ಮಾಡುವ ಸೂಚನೆಗಳನ್ನೂ ಒಂದೇ ಸ್ಮೃತಿಯಲ್ಲಿ ಇಡುವ ವಿನ್ಯಾಸವನ್ನು ಮುಂದಿಟ್ಟಿತು. ಇಂದಿನ ಮೊಬೈಲ್ ಫೋನುಗಳೂ ಮೂಲತಃ ಆ ವಿಚಾರದ ಸಂತತಿಯೇ. ಒಂದೇ ಯಂತ್ರ ಬೆಳಿಗ್ಗೆ ಪತ್ರಿಕೆಯಾಗಿ, ಮಧ್ಯಾಹ್ನ ಬ್ಯಾಂಕಾಗಿ, ಸಂಜೆ ಚಿತ್ರಮಂದಿರವಾಗಿ ಒದಗುವುದು ಇದರಿಂದಲೇ. ಓದಲೆಂದು ತೆರೆದ ವಸ್ತು ತಾನೇ ಕೆಲಸಕ್ಕಿಳಿಯುವ ಅಪಾಯ ಹುಟ್ಟುವುದೂ ಇದರಿಂದಲೇ.

ಈ ಕಾರಣದಿಂದ, ಕಡತ ಇಳಿಸಿಕೊಂಡು ಮೋಸಹೋದವರನ್ನು ಅಜ್ಞಾನಿಗಳೆಂದೋ ಆಸೆಬುರುಕರೆಂದೋ ಕರೆದು ಕೈತೊಳೆದುಕೊಳ್ಳುವುದು ವಿಷಯವನ್ನು ಅರ್ಧಕ್ಕೇ ಬಿಟ್ಟಂತೆ. ಕಡತವೊಂದನ್ನು ನಂಬಬೇಕೇ ಬೇಡವೇ ಎಂಬುದು ಅದು ಎಲ್ಲಿ ಹುಟ್ಟಿತು ಎಂಬುದನ್ನು ಅವಲಂಬಿಸಿರುತ್ತದೆಯೇ ಹೊರತು ಅದನ್ನು ತಂದುಕೊಟ್ಟವರು ಎಷ್ಟು ಆಪ್ತರು ಎಂಬುದನ್ನಲ್ಲ. ಮತ್ತು ಹುಟ್ಟಿದ ಸ್ಥಳವನ್ನು ಜನಸಾಮಾನ್ಯರು ತಿಳಿಯುವಂತೆ ಮಾಡುವ ಹೊಣೆ ತಂತ್ರಾಂಶ ತಯಾರಿಸುವ ಸಂಸ್ಥೆಗಳ ಮೇಲೆ, ಕಡತಗಳನ್ನು ಕೇಳುವ ಕಚೇರಿಗಳ ಮೇಲೆ ಹಾಗೂ ಹಣ ಕಾಯುವ ಬ್ಯಾಂಕುಗಳ ಮೇಲೆ ಇದೆ. ಇಂದಿನ ಎಚ್ಚರಿಕೆಯ ಫಲಕಗಳು, ಜಾಗೃತಿ ಸಪ್ತಾಹಗಳು, ಕರೆ ಮಾಡಿದಾಗ ಕಿವಿಗೆ ಬೀಳುವ ಧ್ವನಿಮುದ್ರಿತ ಉಪದೇಶಗಳು ಈ ಎರಡನೆಯ ಮಾತನ್ನು ಬಹುಮಟ್ಟಿಗೆ ಮರೆತಿವೆ.

ಹೆಸರಿನ ಪ್ರಶ್ನೆಯನ್ನು ಮೊದಲು ನೋಡಬಹುದು. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಎರಡು ಮೂರು ಅಕ್ಷರಗಳಿಗೆ ವಿಸ್ತರಣೆ ಎನ್ನುತ್ತಾರೆ. ಪಿಡಿಎಫ್ ಎಂದಿದ್ದರೆ ಪುಟಗಳ ದಾಖಲೆ, ಜೆಪಿಜಿ ಎಂದಿದ್ದರೆ ಚಿತ್ರ, ಇಎಕ್ಸ್‌ಇ ಎಂದಿದ್ದರೆ ವಿಂಡೋಸ್ ಯಂತ್ರದಲ್ಲಿ ನಡೆಯುವ ತಂತ್ರಾಂಶ, ಎಪಿಕೆ ಎಂದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಸ್ಥಾಪನೆಯಾಗುವ ತಂತ್ರಾಂಶದ ಗಂಟು. ಓದುವುದಕ್ಕೂ ನಡೆಸುವುದಕ್ಕೂ ಇರುವ ಗಡಿಯನ್ನು ಬಳಕೆದಾರರಿಗೆ ತೋರಿಸುವ ಏಕೈಕ ಕಲ್ಲು ಎಂದರೆ ಬಹಳ ಕಾಲ ಈ ವಿಸ್ತರಣೆಯೇ ಆಗಿತ್ತು; ಆ ಕಲ್ಲನ್ನೂ ಮರೆಮಾಡುವುದು ಅಂದವೆಂದು ತಯಾರಕರು ಬಗೆದರು. ವಿಂಡೋಸ್ ವ್ಯವಸ್ಥೆಯು ತನಗೆ ಪರಿಚಿತವಾದ ವಿಸ್ತರಣೆಗಳನ್ನು ತಾನಾಗಿಯೇ ಬಚ್ಚಿಡುತ್ತ ಬಂದಿತು. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟು ಜಗತ್ತನ್ನು ಸುತ್ತಿದ ‘ಐ ಲವ್ ಯೂ’ ಎಂಬ ಹುಳು ನೆಚ್ಚಿಕೊಂಡದ್ದು ಇದನ್ನೇ. ಪ್ರೇಮಪತ್ರವೆಂದು ಹೆಸರಿಟ್ಟ ಅದರ ಕೊನೆಯಲ್ಲಿ ಟಿಎಕ್ಸ್‌ಟಿ ಎಂಬ ನಿರುಪದ್ರವಿ ವಿಸ್ತರಣೆಯೂ ಅದರಾಚೆ ವಿಬಿಎಸ್ ಎಂಬ ನಿಜವಾದ ವಿಸ್ತರಣೆಯೂ ಇದ್ದವು. ಯಂತ್ರವು ಎರಡನೆಯದನ್ನು ಮರೆಮಾಡಿದ್ದರಿಂದ ಲಕ್ಷಾಂತರ ಜನ ಪತ್ರವೊಂದನ್ನು ಓದುತ್ತಿದ್ದೇವೆ ಎಂದುಕೊಂಡೇ ತಂತ್ರಾಂಶವೊಂದನ್ನು ನಡೆಸಿದರು. ತೆರೆದ ಕೂಡಲೇ ಅದು ಯಂತ್ರದಲ್ಲಿದ್ದ ವಿಳಾಸ ಪುಸ್ತಕವನ್ನು ಹಿಡಿದು, ಅಲ್ಲಿದ್ದ ಎಲ್ಲರಿಗೂ ಅದೇ ಪತ್ರವನ್ನು ತೆರೆದವರ ಹೆಸರಿನಲ್ಲಿಯೇ ಕಳುಹಿಸಿತು. ಆಗ ಫಿಲಿಪ್ಪೀನ್ಸ್‌ನಲ್ಲಿ ಇಂಥ ಕೃತ್ಯವನ್ನು ಅಪರಾಧವೆನ್ನುವ ಕಾನೂನೇ ಇರಲಿಲ್ಲವಾದ್ದರಿಂದ ಬರೆದವನಿಗೆ ಶಿಕ್ಷೆಯಾಗಲಿಲ್ಲ. ಮರುತಿಂಗಳು ಅಲ್ಲಿ ಕಾನೂನು ಬಂತು, ಅದೇ ಜೂನ್ ತಿಂಗಳಲ್ಲಿ ಭಾರತದ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೂ ರಾಷ್ಟ್ರಪತಿಗಳ ಅಂಕಿತ ಬಿದ್ದಿತು.

ಹೆಸರನ್ನು ತಿರುಚುವ ಇನ್ನೊಂದು ಉಪಾಯ ಕನ್ನಡ ಓದುಗರಿಗೆ ವಿಶೇಷವಾಗಿ ಅರ್ಥವಾಗುವಂಥದು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ಕಣ್ಣಿಗೆ ಕಾಣದ ಕೆಲವು ಚಿಹ್ನೆಗಳಿವೆ; ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಿ ಸೇರದಂತೆ ತಡೆಯುವುದು ಅಂಥದೇ ಒಂದು ಅದೃಶ್ಯ ಚಿಹ್ನೆ, ಅದಿಲ್ಲದೆ ಕನ್ನಡವನ್ನು ಸರಿಯಾಗಿ ಬರೆಯಲಾಗದು. ಬಲದಿಂದ ಎಡಕ್ಕೆ ಬರೆಯುವ ಅರಬಿ, ಹೀಬ್ರೂ ಲಿಪಿಗಳಿಗಾಗಿ ಅದೇ ಏರ್ಪಾಟಿನಲ್ಲಿ ಇರುವ ಇನ್ನೊಂದು ಚಿಹ್ನೆ ತನ್ನ ಮುಂದಿನ ಅಕ್ಷರಗಳನ್ನೆಲ್ಲ ತಿರುಗುಮುರುಗಾಗಿ ತೋರಿಸುತ್ತದೆ. ಕಡತದ ಹೆಸರಿನ ನಡುವೆ ಅದನ್ನು ನೆಟ್ಟರೆ, ಕೊನೆಯಲ್ಲಿರುವ ಇಎಕ್ಸ್‌ಇ ನಡುವಿಗೆ ಸರಿದು, ಹಿಂದುಮುಂದಾಗಿ ಬರೆದಿಟ್ಟ ಜೆಪಿಜಿ ನೇರವಾಗಿ ಕೊನೆಗೆ ಬಂದು ನಿಲ್ಲುತ್ತದೆ. ಇಎಕ್ಸ್‌ಇ ಎಂಬ ಮೂರು ರೋಮನ್ ಅಕ್ಷರಗಳನ್ನು ಯಾವ ಕಡೆಯಿಂದ ಓದಿದರೂ ಒಂದೇ ಆಗಿರುವುದು ವಂಚಕರಿಗೆ ದೊರೆತ ಹೆಚ್ಚಿನ ಅನುಕೂಲ. ಲಿಪಿಗಳಿಗೆ ನ್ಯಾಯ ಒದಗಿಸಲು ಹುಟ್ಟಿದ ಚಿಹ್ನೆಯೊಂದು ಹೀಗೆ ಮುಖವಾಡವಾಯಿತು ಎಂಬುದರಿಂದ ಚಿಹ್ನೆಗಳನ್ನು ದೂರುವಂತಿಲ್ಲ. ಹೆಸರನ್ನು ಕಣ್ಣಿನಿಂದ ಓದಿ ಕಡತದ ಬಗೆಯನ್ನು ತೀರ್ಮಾನಿಸಿರಿ ಎಂಬ ಉಪದೇಶ ಎಷ್ಟು ದುರ್ಬಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಪ್ರೇಮಪತ್ರದ ಜಾಗದಲ್ಲಿ ಈಗ ಲಗ್ನಪತ್ರಿಕೆ ಬಂದು ಕುಳಿತಿದೆ. ಮದುವೆಯ ಕರೆಯೋಲೆಯೆಂಬ ಹೆಸರಿನಲ್ಲಿ ವಾಟ್ಸ್ಆ್ಯಪ್ ಮೂಲಕ ಬರುವ ಎಪಿಕೆ ಕಡತಗಳ ಬಗ್ಗೆ 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಸಿದರು. ಸಂಚಾರ ನಿಯಮ ಉಲ್ಲಂಘನೆಯ ಚಲನ್, ಕಿಸಾನ್ ಸಮ್ಮಾನ್ ಹಣ, ಬ್ಯಾಂಕಿನ ಕೆವೈಸಿ ನವೀಕರಣ ಮೊದಲಾದ ವೇಷಗಳಲ್ಲಿಯೂ ಇದೇ ಕಡತ ಕರ್ನಾಟಕವನ್ನೂ ಸೇರಿಸಿ ದೇಶದ ಉದ್ದಗಲಕ್ಕೂ ಸುತ್ತಿದೆ. ಇದು ಕೆಲಸ ಮಾಡುವ ರೀತಿ ಹೀಗೆ: ಮುಟ್ಟಿದೊಡನೆ ಫೋನು ಅಪರಿಚಿತ ಮೂಲದ ತಂತ್ರಾಂಶ ಸ್ಥಾಪಿಸಲು ಅನುಮತಿ ಕೇಳುತ್ತದೆ, ಅನುಮತಿ ಸಿಕ್ಕ ಮೇಲೆ ಸ್ಥಾಪನೆಗೊಂಡ ತಂತ್ರಾಂಶವು ಎಸ್ಎಂಎಸ್ ಓದುವ ಹಕ್ಕನ್ನು ಬೇಡುತ್ತದೆ, ಅದೂ ದೊರೆತರೆ ಬ್ಯಾಂಕು ಕಳುಹಿಸುವ ಒಟಿಪಿ, ಅಂದರೆ ಒಂದೇ ಬಾರಿ ಬಳಸಬಹುದಾದ ಗುಪ್ತಸಂಖ್ಯೆ, ವಂಚಕನಿಗೆ ತಾನಾಗಿಯೇ ತಲುಪುತ್ತದೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ವರ್ಷಗಟ್ಟಲೆ ಕಲಿಸಿದ ಪಾಠ ಇಲ್ಲಿ ನಿಷ್ಫಲವಾಗುತ್ತದೆ, ಏಕೆಂದರೆ ಫೋನಿನ ಒಡೆಯರು ಯಾರಿಗೂ ಏನನ್ನೂ ಹೇಳಿರುವುದಿಲ್ಲ. ಕೆಲವು ಪ್ರಕರಣಗಳಲ್ಲಿ ಅದೇ ಸಂಖ್ಯೆಯ ಬಲದಿಂದ ವಾಟ್ಸ್ಆ್ಯಪ್ ಖಾತೆಯೂ ವಂಚಕನ ವಶವಾಗಿ, ಅದೇ ಪತ್ರಿಕೆ ಮುಂದೆ ಬಂಧುಬಳಗದ ಗುಂಪುಗಳಿಗೆಲ್ಲ ಹರಿಯುತ್ತದೆ. ಇಪ್ಪತ್ತೈದು ವರ್ಷಗಳ ಹಿಂದಿನ ವಿಳಾಸ ಪುಸ್ತಕದ ತಂತ್ರವೇ ಇಂದಿಗೂ ನಡೆಯುತ್ತಿದೆ.

ಈ ವೇಷ ಇಷ್ಟೊಂದು ಫಲಿಸಲು ಕಾರಣವಾದ ಸಾಮಾಜಿಕ ಸಂಗತಿಯನ್ನು ಗಂಭೀರವಾಗಿ ಪರಿಗಣಿಸಬೇಕು. ಕನ್ನಡ ನಾಡಿನ ಮನೆಗಳಲ್ಲಿ ಮದುವೆಗೆ ಕರೆಯುವುದೆಂದರೆ ಹಿರಿಯರಿಬ್ಬರು ಮನೆಬಾಗಿಲಿಗೆ ಬಂದು, ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಯನ್ನು ಅಕ್ಷತೆಯೊಂದಿಗೆ ಕೈಗಿಟ್ಟು, ‘ಮನೆಮಂದಿಯೆಲ್ಲ ಬರಬೇಕು’ ಎಂದು ಹೇಳಿಹೋಗುವುದು. ಅಲ್ಲಿ ಪತ್ರಿಕೆಯ ಪ್ರಾಮಾಣ್ಯ ಅದನ್ನು ತಂದವರ ಮುಖದಲ್ಲಿಯೇ ಇತ್ತು. ಊರುಗಳು ದೂರವಾಗಿ, ಬಂಧುಗಳು ಪುಣೆ, ದುಬೈ, ನ್ಯೂಜೆರ್ಸಿಗಳಿಗೆ ಹಂಚಿಹೋದ ಮೇಲೆ ಪತ್ರಿಕೆ ಫೋನಿಗೆ ಬರತೊಡಗಿತು, ಆದರೆ ಅದಕ್ಕೆ ತೋರಬೇಕಾದ ಮರ್ಯಾದೆ ಹಳೆಯದೇ ಉಳಿಯಿತು. ಬಂಧುಗಳ ಮನೆಯ ಲಗ್ನಪತ್ರಿಕೆಯನ್ನು ತೆರೆದೂ ನೋಡದಿರುವುದು ಇಂದಿಗೂ ಅಗೌರವವೇ. ಅಪರಿಚಿತರು ಕಳುಹಿಸಿದ್ದನ್ನು ತೆರೆಯಬೇಡಿ ಎಂಬ ಸೂತ್ರ ಇಲ್ಲಿ ಸಹಾಯಕ್ಕೆ ಬರುವುದಿಲ್ಲ ಮಾತ್ರವಲ್ಲ, ಪರಿಚಿತರು ಕಳುಹಿಸಿದ್ದನ್ನು ತೆರೆಯಬಹುದು ಎಂಬ ತಪ್ಪು ಅಭಯವನ್ನೂ ಒಳಗೊಳಗೇ ಕೊಡುತ್ತದೆ. ಪರದೆಯ ಮೇಲೆ ಸೋದರಮಾವನ ಹೆಸರೂ ಭಾವಚಿತ್ರವೂ ಕಾಣಿಸಿದರೆ ಅದರಿಂದ ಗೊತ್ತಾಗುವುದು ಕಡತವು ಅವರ ಖಾತೆಯಿಂದ ಹೊರಟಿತು ಎಂಬುದಷ್ಟೇ. ಅವರು ಕಳುಹಿಸಿದರೆಂದಾಗಲಿ, ಅವರೇ ಕಳುಹಿಸಿದ್ದರೂ ಅದರೊಳಗೇನಿದೆಯೆಂದು ಅವರಿಗೆ ಗೊತ್ತಿತ್ತೆಂದಾಗಲಿ ಅಲ್ಲ. ವಾಟ್ಸ್ಆ್ಯಪ್ 2016ರಲ್ಲಿ ಎಲ್ಲ ಸಂದೇಶಗಳಿಗೂ ಅಳವಡಿಸಿದ ಗೂಢಲಿಪೀಕರಣವು ಕಳುಹಿಸಿದ ಫೋನು ಮತ್ತು ಪಡೆದ ಫೋನುಗಳ ಹೊರತು ಬೇರಾರೂ ಸಂದೇಶವನ್ನು ಓದದಂತೆ ಕಾಯುತ್ತದೆ. ಅದು ಬಹಳ ಬೆಲೆಬಾಳುವ ರಕ್ಷಣೆ, ಅದನ್ನು ಬಿಟ್ಟುಕೊಡಬಾರದು. ಆದರೆ ಅದು ದಾರಿಯನ್ನು ಕಾಯುತ್ತದೆ, ಹೊರೆಯನ್ನು ಪರೀಕ್ಷಿಸುವುದಿಲ್ಲ. ನಡುವಿನ ಸರ್ವರ್‌ಗೂ ಕಡತದ ಒಳಗು ಕಾಣದ ಕಾರಣ ತಪಾಸಣೆಯ ಭಾರವೆಲ್ಲ ಪಡೆದವರ ಫೋನಿನ ಮೇಲೆಯೇ ಬೀಳುತ್ತದೆ.

ಹಾಗಾದರೆ ಕಡತದ ಮೂಲವನ್ನು ತಿಳಿಯುವ ಬಗೆ ಯಾವುದು? ಗಣಿತ ಇದಕ್ಕೆ ಎರಡು ಸಾಧನಗಳನ್ನು ಒದಗಿಸಿದೆ. ಮೊದಲನೆಯದು ಹ್ಯಾಶ್, ಅಂದರೆ ಕಡತದ ಅಂಕಿಗಳನ್ನೆಲ್ಲ ಅರೆದು ತೆಗೆದ ಚಿಕ್ಕದೊಂದು ಗುರುತು. ಎಸ್ಎಚ್ಎ-256 ಎಂಬ ಕ್ರಮದಲ್ಲಿ ಕಡತವು ಒಂದು ಪುಟದ್ದಾಗಿರಲಿ, ಇಡೀ ಚಲನಚಿತ್ರವೇ ಆಗಿರಲಿ, ಅದರ ಗುರುತು 64 ಅಕ್ಷರಗಳದ್ದೇ ಆಗಿರುತ್ತದೆ, ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಇಳಿಸಿಕೊಂಡ ಕಡತದ ಗುರುತನ್ನು ತಯಾರಕರು ಪ್ರಕಟಿಸಿದ ಗುರುತಿನೊಂದಿಗೆ ಹೋಲಿಸಿದರೆ ನಡುದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದಾರೆಯೇ ಎಂಬುದು ತಿಳಿಯುತ್ತದೆ. ಆದರೆ ಗುರುತನ್ನು ಪ್ರಕಟಿಸಿದ ಜಾಲತಾಣವೇ ಕಳ್ಳರ ಕೈಸೇರಿದ್ದರೆ? 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ತಾಣಕ್ಕೆ ನುಗ್ಗಿದವರು ಇಳಿಸಿಕೊಳ್ಳುವ ಕೊಂಡಿಯನ್ನೇ ಬದಲಿಸಿ, ಹಿಂಬಾಗಿಲು ಕೊರೆದ ಪ್ರತಿಯತ್ತ ಜನರನ್ನು ತಿರುಗಿಸಿದರು. ಅಧಿಕೃತ ತಾಣಕ್ಕೇ ಹೋಗಿ ಇಳಿಸಿಕೊಂಡವರೂ ಆ ದಿನ ಮೋಸಹೋದರು. ಕಡತವನ್ನು ಬದಲಿಸಬಲ್ಲವನು ಅದರ ಪಕ್ಕದಲ್ಲಿಟ್ಟ ಗುರುತನ್ನೂ ಬದಲಿಸಬಲ್ಲನಾದ್ದರಿಂದ ಎರಡನೆಯ ಸಾಧನವಾದ ಅಂಕೀಯ ಸಹಿ ಬೇಕಾಗುತ್ತದೆ. ತಯಾರಕರು ತಮ್ಮಲ್ಲಿಯೇ ಗುಟ್ಟಾಗಿಟ್ಟುಕೊಂಡ ಕೀಲಿಯಿಂದ ಸಹಿ ಹಾಕುತ್ತಾರೆ, ಬಹಿರಂಗವಾಗಿ ಹಂಚಿದ ಜೊತೆಗೀಲಿಯಿಂದ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು, ತಾಣವನ್ನು ಕದ್ದವನಿಗೆ ಗುಟ್ಟಿನ ಕೀಲಿ ಸಿಕ್ಕಿರುವುದಿಲ್ಲವಾದ್ದರಿಂದ ಅವನು ಅಂಥ ಸಹಿ ಹಾಕಲಾರ.

ಸಹಿಯೂ ಕೊನೆಯ ಮಾತಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶದ ಒಂದು ಆವೃತ್ತಿ ತಯಾರಾಗುವ ಸ್ಥಳದಲ್ಲಿಯೇ ಕಲುಷಿತಗೊಂಡು, ಸರಿಯಾದ ಸಹಿಯೊಂದಿಗೆ, ಅಧಿಕೃತ ತಾಣದಿಂದಲೇ ಸುಮಾರು 22 ಲಕ್ಷ ಯಂತ್ರಗಳನ್ನು ತಲುಪಿತು. ಊಟೆಯೇ ಕೆಟ್ಟಾಗ ಕಾಲುವೆಯ ಶುದ್ಧಿಯಿಂದ ಪ್ರಯೋಜನವಿಲ್ಲ. ಆದರೂ ಇಂಥ ದಾಳಿಗೆ ತಿಂಗಳುಗಳ ಪರಿಶ್ರಮ ಬೇಕು, ಲಗ್ನಪತ್ರಿಕೆಯ ಎಪಿಕೆಗೆ ಒಂದು ಮಧ್ಯಾಹ್ನ ಸಾಕು. ಮೂಲವನ್ನು ಪರೀಕ್ಷಿಸುವ ಕ್ರಮ ಎಲ್ಲ ಅಪಾಯವನ್ನೂ ತಡೆಯುವುದಿಲ್ಲವೆಂಬುದು ಅದನ್ನು ಕೈಬಿಡಲು ಕಾರಣವಾಗಲಾರದು.

ಇಲ್ಲಿ ಕರ್ನಾಟಕಕ್ಕೆ ನೇರವಾಗಿ ತಾಗುವ ಮಾತೊಂದಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ, ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ನುಡಿ’ ತಂತ್ರಾಂಶ ಉಚಿತವಾದುದು. ಅದರ ಹಳೆಯ ಹೊಸ ಆವೃತ್ತಿಗಳು, ಫಾಂಟುಗಳು ಮೂಲ ತಾಣದಿಂದ ಮಾತ್ರವಲ್ಲದೆ ಯಾರುಯಾರೋ ನಡೆಸುವ ತಾಣಗಳಿಂದ, ಟೆಲಿಗ್ರಾಂ ಗುಂಪುಗಳಿಂದ, ಡಿಟಿಪಿ ಅಂಗಡಿಯ ಪೆನ್‌ಡ್ರೈವಿನಿಂದ ಕೈಯಿಂದ ಕೈಗೆ ಸಾಗುತ್ತಿರುತ್ತವೆ. ಹೀಗೆ ಸಾಗುವುದರಲ್ಲಿ ಕನ್ನಡದ ಮೇಲಿನ ಅಕ್ಕರೆಯೂ ಇದೆ, ಪರಸ್ಪರ ನೆರವಿನ ಒಳ್ಳೆಯ ಗುಣವೂ ಇದೆ. ಸಾಲದಾಗಿರುವುದು ಕೈಗೆ ಬಂದ ಪ್ರತಿಯನ್ನು ಒರೆಗೆ ಹಚ್ಚುವ ಅಭ್ಯಾಸ. ಸರ್ಕಾರದ ಹಣದಿಂದ ತಯಾರಾಗುವ ಪ್ರತಿಯೊಂದು ತಂತ್ರಾಂಶದ ಹ್ಯಾಶ್ ಗುರುತನ್ನು ಹಾಗೂ ಸಹಿಯನ್ನು ಪ್ರಕಟಿಸುವುದು, ಅವನ್ನು ಪರೀಕ್ಷಿಸುವ ವಿಧಾನವನ್ನು ಸರಳ ಕನ್ನಡದಲ್ಲಿ ಪಕ್ಕದಲ್ಲಿಯೇ ಬರೆದಿಡುವುದು ಕಡ್ಡಾಯವಾಗಬೇಕು. ಇದಕ್ಕೆ ತಗಲುವ ಖರ್ಚು ನಗಣ್ಯ. ಕದ್ದ ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ: ಬೀಗ ಒಡೆದು ಹಂಚುವವನು ಅದರೊಳಗೆ ಇನ್ನೇನನ್ನು ಸೇರಿಸಿದ್ದಾನೆಂದು ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ, ಲಿಬ್ರೆ ಆಫೀಸ್, ಸ್ಕ್ರೈಬಸ್‌ಗಳಂಥ ಮುಕ್ತ ತಂತ್ರಾಂಶಗಳು ಕೈಗೆಟಕುವಾಗ ಆ ಅಪಾಯವನ್ನು ಹೊರುವ ಅಗತ್ಯವೂ ಬಹಳಷ್ಟು ಮಟ್ಟಿಗೆ ಉಳಿದಿಲ್ಲ.

ಮೂಲದ ಪರೀಕ್ಷೆಯನ್ನು ಯಂತ್ರವೇ ಮಾಡಲಿ, ಒಪ್ಪಿಗೆಯ ಅಂಗಡಿಯಿಂದ ಹೊರಗಿನ ಎಲ್ಲ ತಂತ್ರಾಂಶವನ್ನೂ ತಡೆದುಬಿಡಲಿ ಎಂಬ ವಾದ ಸಹಜವಾಗಿಯೇ ಏಳುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸ್ಥಾಪನೆಯಾಗುವ ತಂತ್ರಾಂಶಗಳ ತಯಾರಕರೆಲ್ಲ, ಪ್ಲೇ ಸ್ಟೋರಿನ ಹೊರಗೆ ಹಂಚುವವರೂ ಸೇರಿ, ತಮ್ಮ ಗುರುತನ್ನು ದೃಢಪಡಿಸಬೇಕೆಂಬ ಯೋಜನೆಯನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಮುಕ್ತ ತಂತ್ರಾಂಶಗಳನ್ನು ಹಂಚುವ ಎಫ್-ಡ್ರಾಯ್ಡ್ ಮೊದಲಾದವರು ಅದನ್ನು ಬಲವಾಗಿ ವಿರೋಧಿಸಿದರು. ಎರಡೂ ಕಡೆ ತೂಕವಿದೆ. ಅನಾಮಧೇಯತೆ ವಂಚಕನಿಗೆ ಅಗ್ಗವಾಗಿ ಸಿಗಬಾರದೆಂಬುದು ನಿಜ. ಆದರೆ ಯಾರ ಫೋನಿನಲ್ಲಿ ಯಾವ ತಂತ್ರಾಂಶ ಇರಬಹುದೆಂದು ಒಂದೇ ಕಂಪನಿ ನಿರ್ಧರಿಸುವ ಸ್ಥಿತಿ ಬಂದರೆ, ಮಾರುಕಟ್ಟೆಗೆ ಲಾಭ ತರದ ಚಿಕ್ಕ ಭಾಷೆಗಳ ಕೀಲಿಮಣೆಗಳು, ನಿಘಂಟುಗಳು, ಒಬ್ಬಿಬ್ಬರು ಉತ್ಸಾಹಿಗಳು ಬಿಡುವಿನಲ್ಲಿ ಬರೆದು ಹಂಚುವ ಉಪಕರಣಗಳು ಮೊದಲು ಬಾಡುತ್ತವೆ. ಒಪ್ಪಿಗೆಯ ಅಂಗಡಿಯೊಳಗೂ ದುಷ್ಟ ತಂತ್ರಾಂಶಗಳು ನುಸುಳಿದ ನಿದರ್ಶನಗಳಿಗೆ ಕೊರತೆಯಿಲ್ಲ. ಬಾಗಿಲನ್ನು ಮುಚ್ಚುವುದಕ್ಕಿಂತ, ವಾಟ್ಸ್ಆ್ಯಪ್‌ನಂಥ ಸಂದೇಶ ಸೇವೆಯ ಒಳಗಿನಿಂದಲೇ ತಂತ್ರಾಂಶ ಸ್ಥಾಪನೆಯಾಗುವ ದಾರಿಯನ್ನು ಮಾತ್ರ ಕಡಿದುಹಾಕುವುದು ಹೆಚ್ಚು ವಿವೇಕದ ಕ್ರಮ. ತಂತ್ರಾಂಶ ಬರೆಯುವವರಿಗೆ, ಕಲಿಯುವವರಿಗೆ ಬೇರೆ ದಾರಿಗಳಿವೆ, ಆದರೆ ಬಂಧುಗಳ ಗುಂಪಿನಲ್ಲಿ ಪತ್ರಿಕೆ ತೆರೆಯುವ ಹಿರಿಯರಿಗೆ ಆ ದಾರಿ ಯಾವ ಕಾಲಕ್ಕೂ ಬೇಕಾಗುವುದಿಲ್ಲ.

ವಿನ್ಯಾಸದ ಒಂದು ತಿದ್ದುಪಡಿ ಉಪದೇಶಕ್ಕಿಂತ ಎಷ್ಟು ಹೆಚ್ಚು ಕೆಲಸ ಮಾಡಬಲ್ಲದು ಎಂಬುದಕ್ಕೆ ಆಫೀಸ್ ದಾಖಲೆಗಳ ಮ್ಯಾಕ್ರೋಗಳ ಕಥೆ ಸಾಕ್ಷಿ. ಮ್ಯಾಕ್ರೋ ಎಂದರೆ ಪತ್ರ ಅಥವಾ ಲೆಕ್ಕದ ಹಾಳೆಯೊಳಗೆ ಹುದುಗಿಸಿಟ್ಟ ಚಿಕ್ಕ ತಂತ್ರಾಂಶ. 1999ರ ಮಾರ್ಚ್‌ನಲ್ಲಿ ಹಬ್ಬಿದ ಮೆಲಿಸಾ ವೈರಸ್ಸು ವರ್ಡ್ ದಾಖಲೆಯ ಮ್ಯಾಕ್ರೋ ಆಗಿತ್ತು. ಅಂದಿನಿಂದ ಸುಮಾರು ಇಪ್ಪತ್ತಮೂರು ವರ್ಷಗಳ ಕಾಲ ‘ಮ್ಯಾಕ್ರೋ ಸಕ್ರಿಯಗೊಳಿಸಬೇಡಿ’ ಎಂದು ಕಚೇರಿಕಚೇರಿಗಳಲ್ಲಿ ಬೋಧಿಸಲಾಯಿತು, ಜನರು ಹಳದಿ ಪಟ್ಟಿಯ ಮೇಲಿನ ಗುಂಡಿಯನ್ನು ಒತ್ತುತ್ತಲೇ ಇದ್ದರು, ಏಕೆಂದರೆ ಸಂಬಳದ ಪಟ್ಟಿ ತೆರೆಯಲೂ ಅದೇ ಗುಂಡಿ ಒತ್ತಬೇಕಿತ್ತು. ಕೊನೆಗೆ 2022ರಲ್ಲಿ ಮೈಕ್ರೋಸಾಫ್ಟ್, ಅಂತರಜಾಲದಿಂದ ಬಂದ ದಾಖಲೆಗಳ ಮ್ಯಾಕ್ರೋಗಳನ್ನು ಆರಂಭದಲ್ಲಿಯೇ ತಡೆಯುವಂತೆ ವ್ಯವಸ್ಥೆಯನ್ನು ಬದಲಿಸಿತು. ವಂಚಕರು ಆ ದಾರಿಯನ್ನು ಬಹುಮಟ್ಟಿಗೆ ಬಿಟ್ಟು ಬೇರೆ ಬಗೆಯ ಕಡತಗಳತ್ತ ಹೊರಳಿದರು. ಅವರು ಹೊರಳಿದರೆಂಬುದನ್ನು ಸೋಲೆಂದು ಎಣಿಸುವವರಿದ್ದಾರೆ, ಆದರೆ ಪ್ರತಿ ಹೊರಳಿನಲ್ಲಿಯೂ ಅವರ ಖರ್ಚು ಹೆಚ್ಚುತ್ತದೆ, ಉಪದೇಶದಿಂದ ಅದು ಹೆಚ್ಚುವುದಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಆ ತಿದ್ದುಪಡಿ ನಿಂತಿರುವುದು ಕಡತವು ಹೊರಗಿನಿಂದ ಬಂದದ್ದು ಎಂದು ಅದರ ಬೆನ್ನಿಗೆ ಯಂತ್ರವು ಅಂಟಿಸುವ ಗುರುತಿನ ಮೇಲೆ. ಅಂದರೆ ಅಲ್ಲಿಯೂ ಪರಿಗಣಿತವಾದುದು ಮೂಲವೇ ಹೊರತು ಕಳುಹಿಸಿದವರ ಹೆಸರಲ್ಲ.

ಇಷ್ಟೂ ಮಾತು ಪಡೆಯುವ ಕೈಯ ಕುರಿತಾಯಿತು. ಕೊಡುವ ಕೈಯ ವಿಚಾರದಲ್ಲಿ ಸಮಾಜ ಇನ್ನೂ ಹೆಚ್ಚು ಉದಾಸೀನವಾಗಿದೆ. ತಾಲ್ಲೂಕು ಕೇಂದ್ರದ ಯಾವುದೇ ಜೆರಾಕ್ಸ್ ಅಂಗಡಿಯ ಗೋಡೆಯ ಮೇಲೆ ವಾಟ್ಸ್ಆ್ಯಪ್ ಸಂಖ್ಯೆಯೊಂದು ದೊಡ್ಡದಾಗಿ ಬರೆದಿರುತ್ತದೆ. ಬಂದವರು ಆಧಾರ್, ಪಾನ್, ಪಹಣಿ, ಅಂಕಪಟ್ಟಿ, ಬ್ಯಾಂಕಿನ ಪಾಸ್‌ಪುಸ್ತಕಗಳ ಪ್ರತಿಗಳನ್ನು ಆ ಸಂಖ್ಯೆಗೆ ಕಳುಹಿಸಿ, ಮುದ್ರಿಸಿಕೊಂಡು, ಕೆಲವು ರೂಪಾಯಿ ಕೊಟ್ಟು ಹೊರಟುಹೋಗುತ್ತಾರೆ. ಕಾಗದವನ್ನು ಅವರು ಕೊಂಡುಹೋದರು, ಕಡತ ಅಂಗಡಿಯಲ್ಲಿಯೇ ಉಳಿಯಿತು. ಅಂಗಡಿಯವರು ಸಜ್ಜನರೇ ಆಗಿದ್ದರೂ, ಆ ಗಣಕಕ್ಕೆ ದಿನಕ್ಕೆ ಹತ್ತಾರು ಪೆನ್‌ಡ್ರೈವುಗಳು ಸೇರುತ್ತವೆ, ಅದರ ದುರಸ್ತಿಗೆ ಯಾರೋ ಬರುತ್ತಾರೆ, ಒಂದು ದಿನ ಅದು ಹಳೆಯ ಸಾಮಾನಾಗಿ ಮಾರಾಟವಾಗುತ್ತದೆ. ಜಾಲತಾಣದಿಂದ ಇಳಿಸಿಕೊಳ್ಳುವ ಇ-ಆಧಾರ್ ಪಿಡಿಎಫ್‌ಗೆ ಗುಪ್ತಪದವಿದೆಯೆಂದು ಸಮಾಧಾನ ಪಡುವವರುಂಟು. ಆ ಗುಪ್ತಪದ ಹೆಸರಿನ ಮೊದಲ ನಾಲ್ಕು ಅಕ್ಷರಗಳು ಮತ್ತು ಹುಟ್ಟಿದ ವರ್ಷ ಎಂಬುದು ಆಧಾರ್ ಪ್ರಾಧಿಕಾರವೇ ಎಲ್ಲರಿಗೂ ತಿಳಿಸಿರುವ ಸಂಗತಿ, ಅವೆರಡೂ ನೆರೆಹೊರೆಯವರಿಗೆ ಗೊತ್ತಿರುವಂಥವೇ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಪತ್ರಿಕಾ ಪ್ರಕಟಣೆಯೊಂದನ್ನು ಹೊರಡಿಸಿ, ಆಧಾರ್‌ನ ನಕಲನ್ನು ಸಂಸ್ಥೆಗಳಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಚಿದ ಪ್ರತಿಯನ್ನು ಬಳಸಿ, ಸಾರ್ವಜನಿಕ ಗಣಕಗಳಲ್ಲಿ ಇ-ಆಧಾರ್ ಇಳಿಸಿಕೊಳ್ಳುವುದನ್ನು ತಪ್ಪಿಸಿ, ಇಳಿಸಿಕೊಂಡರೆ ಪೂರ್ತಿಯಾಗಿ ಅಳಿಸಿ ಎಂದು ಹೇಳಿತು. ಎರಡೇ ದಿನಗಳಲ್ಲಿ, ತಪ್ಪು ಅರ್ಥಕ್ಕೆ ಎಡೆಯಾಗಬಹುದೆಂಬ ಕಾರಣದಿಂದ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಗಾಬರಿಯನ್ನು ತಡೆಯುವ ಉದ್ದೇಶ ಅರ್ಥವಾಗುವಂಥದೇ. ಆದರೆ ಆ ಪ್ರಕಟಣೆಯಲ್ಲಿದ್ದ ಸಲಹೆಗಳು ಒಂದೊಂದೂ ಸರಿಯಾಗಿದ್ದವು, ಅವನ್ನು ತಿದ್ದಿ ವಿವರಿಸುವ ಬದಲು ಹಿಂಪಡೆದದ್ದು ನಾಗರಿಕ ಶಿಕ್ಷಣಕ್ಕೆ ಒದಗಿದ್ದ ಒಂದು ಅಪರೂಪದ ಅವಕಾಶವನ್ನು ಕೈಬಿಟ್ಟಂತಾಯಿತು. ಮರುವರ್ಷ, ನೋಂದಾಯಿತ ಆಸ್ತಿಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ಎಳೆದ ಪ್ರಕರಣಗಳು ಕರ್ನಾಟಕದಲ್ಲಿಯೂ ಬೆಳಕಿಗೆ ಬಂದವು. ಅಲ್ಲಿ ಯಾರೂ ಯಾವ ಕೊಂಡಿಯನ್ನೂ ಒತ್ತಿರಲಿಲ್ಲ, ಯಾವ ಕಡತವನ್ನೂ ಇಳಿಸಿಕೊಂಡಿರಲಿಲ್ಲ. ಅವರ ದಾಖಲೆಯ ಪ್ರತಿ ಬೇರೆಯವರಿಗೆ ಸಿಗುವಂತಿತ್ತು ಎಂಬುದೊಂದೇ ಕಾರಣ. ಬೆರಳಚ್ಚಿನ ಬಳಕೆಗೆ ಬೀಗ ಹಾಕುವ ಸೌಲಭ್ಯವನ್ನು ಪ್ರಾಧಿಕಾರ ಒದಗಿಸಿದೆ, ಅದನ್ನು ಬಳಸುವುದು ಒಳ್ಳೆಯದು. ಆದರೆ ಬೀಗ ಹಾಕದವರ ಮೇಲೆ ತಪ್ಪು ಹೊರಿಸುವುದಕ್ಕೆ ಮುಂಚೆ ಬೆರಳಚ್ಚನ್ನು ಬಹಿರಂಗ ದಾಖಲೆಯಲ್ಲಿ ಉಳಿಸಿದವರು ಯಾರು ಎಂದು ಕೇಳಬೇಕು.

ಕಚೇರಿಗಳೇ ಜನರನ್ನು ಅಪಾಯದತ್ತ ತಳ್ಳುವ ಇನ್ನೊಂದು ಬಗೆ ಯಾರ ಗಮನಕ್ಕೂ ಬಾರದಂತಿದೆ. ನೇಮಕಾತಿ, ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆಗಳ ಅರ್ಜಿಗಳಲ್ಲಿ ಭಾವಚಿತ್ರ ಇಂತಿಷ್ಟು ಕೆಬಿ ಮೀರಬಾರದು, ಅಂಕಪಟ್ಟಿಯ ಪಿಡಿಎಫ್ ಇಂತಿಷ್ಟರೊಳಗಿರಬೇಕು ಎಂಬ ಮಿತಿ ಇರುತ್ತದೆ. ಕೊನೆಯ ದಿನದ ಅವಸರದಲ್ಲಿ ಅಭ್ಯರ್ಥಿಯು ಕಡತ ಚಿಕ್ಕದಾಗಿಸುವ ಯಾವುದೋ ಉಚಿತ ತಾಣವನ್ನು ಹುಡುಕಿ, ತನ್ನ ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್‌ಗಳನ್ನು ಹೆಸರೂ ದೇಶವೂ ತಿಳಿಯದ ಸರ್ವರ್‌ಗೆ ಏರಿಸುತ್ತಾನೆ; ಮರಳಿ ಬರುವ ಕಡತದಲ್ಲಿ ಏನು ಸೇರಿದೆಯೆಂಬುದೂ ಅವನಿಗೆ ತಿಳಿಯದು. ಇಂಥ ಉಚಿತ ಪರಿವರ್ತಕ ತಾಣಗಳ ಮೂಲಕ ದುಷ್ಟ ತಂತ್ರಾಂಶ ಹರಡುತ್ತಿರುವುದರ ಬಗ್ಗೆ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಎಚ್ಚರಿಸಿತು. ಚಿತ್ರವನ್ನು ಕುಗ್ಗಿಸುವ ಕೆಲಸವನ್ನು ಅರ್ಜಿ ಸ್ವೀಕರಿಸುವ ತಾಣವೇ ಕ್ಷಣಮಾತ್ರದಲ್ಲಿ ಮಾಡಬಲ್ಲದು. ಆ ಕೆಲಸವನ್ನು ತಾನು ಮಾಡದೆ ಲಕ್ಷಾಂತರ ಯುವಕ ಯುವತಿಯರ ದಾಖಲೆಗಳನ್ನು ಅಪರಿಚಿತರ ಮನೆಯಂಗಳಕ್ಕೆ ಕಳುಹಿಸುವ ಇಲಾಖೆಗೆ ಸೈಬರ್ ಜಾಗೃತಿಯ ಬಗ್ಗೆ ಮಾತನಾಡುವ ನೈತಿಕ ಬಲ ಕಡಿಮೆ. ಪರೀಕ್ಷಿಸುವ ಉದ್ದೇಶದಿಂದ ಕಡತ ಏರಿಸುವುದರಲ್ಲಿಯೂ ಇಂಥದೇ ತೊಡಕಿದೆ: ವೈರಸ್‌ಟೋಟಲ್ ಎಂಬ ತಾಣ ಕಡತವೊಂದನ್ನು ಹಲವಾರು ವೈರಸ್ ಪತ್ತೆ ತಂತ್ರಾಂಶಗಳಿಂದ ಒಮ್ಮೆಲೇ ಪರೀಕ್ಷಿಸಿಕೊಡುತ್ತದೆ, ಆದರೆ ಹಾಗೆ ಏರಿಸಿದ ಕಡತಗಳು ಅದರ ಪಾಲುದಾರ ಸಂಸ್ಥೆಗಳ ಸಂಶೋಧಕರಿಗೂ ದೊರೆಯುವುದರಿಂದ ಖಾಸಗಿ ದಾಖಲೆಗಳನ್ನು ಅಲ್ಲಿಗೆ ಏರಿಸದೆ, ಅವುಗಳ ಹ್ಯಾಶ್ ಗುರುತನ್ನು ಮಾತ್ರ ಕೊಟ್ಟು ಹುಡುಕುವುದು ಸರಿ.

ಕಡತವು ತನ್ನ ಮೇಲ್ಮೈಯಲ್ಲಿ ತೋರಿಸುವುದಕ್ಕಿಂತ ಹೆಚ್ಚನ್ನು ಒಯ್ಯುತ್ತದೆ ಎಂಬುದನ್ನೂ ಕೊಡುವವರು ನೆನೆಯಬೇಕು. ಫೋನಿನಿಂದ ತೆಗೆದ ಚಿತ್ರದೊಳಗೆ ಅದನ್ನು ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ಸೇರಿರಬಹುದು; 2012ರ ಡಿಸೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ ಜಾನ್ ಮ್ಯಾಕಫೀ ಗ್ವಾಟೆಮಾಲಾದಲ್ಲಿರುವುದು ಲೋಕಕ್ಕೆ ತಿಳಿದದ್ದು ಪತ್ರಿಕೆಯೊಂದು ಪ್ರಕಟಿಸಿದ ಚಿತ್ರದೊಳಗಿನ ಈ ಅಂಕಿಗಳಿಂದ, ವೈರಸ್ ತಡೆಯುವ ತಂತ್ರಾಂಶಕ್ಕೆ ತನ್ನ ಹೆಸರನ್ನೇ ಕೊಟ್ಟಿದ್ದ ಮನುಷ್ಯ ಆತ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವೆಂದು ಕಳುಹಿಸಿದಾಗ ಆ ಅಂಕಿಗಳು ಕಳಚಿಹೋಗುತ್ತವೆ, ಅದೇ ಚಿತ್ರವನ್ನು ಗುಣಮಟ್ಟ ಉಳಿಯಲೆಂದು ದಾಖಲೆಯಾಗಿ ಕಳುಹಿಸಿದರೆ ಉಳಿದುಕೊಳ್ಳುತ್ತವೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಪಾಲ್ ಮ್ಯಾನಫೋರ್ಟ್ ಎಂಬವರ ಪರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಗೋಪ್ಯ ಸಾಲುಗಳ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಪಟ್ಟಿಯಡಿಯ ಅಕ್ಷರಗಳು ಹಾಗೆಯೇ ಇದ್ದುದರಿಂದ ಪತ್ರಕರ್ತರು ಅವನ್ನು ನಕಲಿಸಿ ಓದಿದರು. ಕ್ಲೌಡ್ ಸಂಗ್ರಹಗಳಲ್ಲಿ ‘ಕೊಂಡಿ ಇರುವ ಯಾರಾದರೂ’ ಎಂದು ಒಮ್ಮೆ ತೆರೆದ ಕಡತಕೋಶ, ಯಾರೂ ಮುಚ್ಚದಿದ್ದರೆ, ಕೆಲಸ ಮುಗಿದ ಮೇಲೂ ವರ್ಷಗಟ್ಟಲೆ ತೆರೆದೇ ಇರುತ್ತದೆ, ಅಂಥ ಕೊಂಡಿಯನ್ನು ಮುಂದೆ ಕಳುಹಿಸುವುದಕ್ಕೂ ಅಡ್ಡಿಯಿಲ್ಲ.

ಹಣ ಹೋದ ಮೇಲೆ ಹೊಣೆ ಯಾರದು ಎಂಬ ಪ್ರಶ್ನೆಯಲ್ಲಿ ಈ ಎಲ್ಲ ವಾದವೂ ಬಂದು ಸೇರುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ವ್ಯವಸ್ಥೆಯ ಬೇರೆಡೆ ಇದ್ದು, ಗ್ರಾಹಕರು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವರ ಮೇಲೆ ಹೊಣೆಯಿಲ್ಲವೆಂದೂ, ಗ್ರಾಹಕರ ಅಲಕ್ಷ್ಯದಿಂದ ನಷ್ಟವಾಗಿದ್ದರೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದೆಂದೂ ಹೇಳಿತು. ಗ್ರಾಹಕರೇ ಹೊಣೆಯೆಂದು ರುಜುವಾತುಪಡಿಸುವ ಭಾರವನ್ನು ಬ್ಯಾಂಕಿನ ಮೇಲೆ ಹೊರಿಸಿತು. 1930 ಎಂಬ ಸಹಾಯವಾಣಿಗೆ ಒಡನೆಯೇ ಕರೆ ಮಾಡಿದರೆ, ವಂಚಕರ ಖಾತೆಯಿಂದ ಖಾತೆಗೆ ಸಾಗುತ್ತಿರುವ ಹಣವನ್ನು ನಡುವೆ ತಡೆಹಿಡಿಯುವ ಸಾಧ್ಯತೆಯಿದೆ. ಜಿಲ್ಲೆಗಳ ಸಿಇಎನ್ ಠಾಣೆಗಳಲ್ಲಿ, ಅಂದರೆ ಸೈಬರ್, ಆರ್ಥಿಕ ಹಾಗೂ ಮಾದಕವಸ್ತು ಅಪರಾಧಗಳ ಠಾಣೆಗಳಲ್ಲಿ, ದೂರು ದಾಖಲಿಸಬಹುದು. ಇಷ್ಟಾದರೂ ಅಲಕ್ಷ್ಯ ಎಂಬ ಪದದ ಅರ್ಥ ಅಸ್ಪಷ್ಟವಾಗಿಯೇ ಉಳಿದಿದೆ. ಲಗ್ನಪತ್ರಿಕೆಯೆಂದು ನಂಬಿ ಎಪಿಕೆ ಸ್ಥಾಪಿಸಿದವರು ಫೋನು ಕೇಳಿದ ಎರಡು ಪ್ರಶ್ನೆಗಳಿಗೆ ‘ಅನುಮತಿಸು’ ಎಂದು ಉತ್ತರಿಸಿದ್ದಾರೆ ಎಂಬುದು ನಿಜ. ಆದರೆ ಆ ಪ್ರಶ್ನೆಗಳು ಅವರು ಓದಬಲ್ಲ ಭಾಷೆಯಲ್ಲಿದ್ದವೇ, ಎಸ್ಎಂಎಸ್ ಓದುವ ಹಕ್ಕು ಕೊಟ್ಟರೆ ಬ್ಯಾಂಕಿನ ಗುಪ್ತಸಂಖ್ಯೆಯೂ ಹೋಗುತ್ತದೆಂದು ಯಾವ ಪರದೆಯಾದರೂ ತಿಳಿಸಿತ್ತೇ, ಎಸ್ಎಂಎಸ್ ಮೂಲಕ ಕಳುಹಿಸಿದ ಸಂಖ್ಯೆಯನ್ನು ಬೇರೆ ತಂತ್ರಾಂಶಗಳು ಓದಬಲ್ಲವೆಂದು ತಿಳಿದೂ ಬ್ಯಾಂಕು ಆ ದಾರಿಯನ್ನೇ ಏಕೆ ನೆಚ್ಚಿಕೊಂಡಿತು ಎಂಬವನ್ನು ವಿಚಾರಿಸದೆ ಅದನ್ನು ಅಲಕ್ಷ್ಯವೆಂದು ಬರೆದುಬಿಡುವುದು ಸುತ್ತೋಲೆಯ ಆಶಯಕ್ಕೆ ಹೊಂದುವುದಿಲ್ಲ. ರುಜುವಾತಿನ ಭಾರ ಬ್ಯಾಂಕಿನದೆಂದು ಬರೆದಿರುವಾಗ, ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ದೂರುದಾರರ ಕೈಗೆ ಕೊಟ್ಟ ನಂತರವೇ ಬ್ಯಾಂಕು ಅವರ ದೂರನ್ನು ತಳ್ಳಿಹಾಕಬಹುದೆಂಬ ನಿಯಮವನ್ನು ಅದೇ ಸುತ್ತೋಲೆಯ ಮುಂದುವರಿಕೆಯಾಗಿ ಸೇರಿಸಬೇಕು.